ನಲವತ್ತೊಂದನೆಯ ಕರಾರು

ತಿಳಿವಳಿಕೆ ಕಾಯಿದೆ ಬಂದ ವರ್ಷ ದೇಶದ ದೊಡ್ಡ ದೊಡ್ಡ ಕಂಪನಿಗಳೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತವು. ಕಾಯಿದೆ ಹೇಳಿದ್ದು ಒಂದೇ ಮಾತು: ಕರಾರು ಅರ್ಥವಾಗದವನನ್ನು ಆ ಕರಾರು ಕಟ್ಟಿಹಾಕುವುದಿಲ್ಲ. ಅಲ್ಲಿಯವರೆಗೆ ಅರವತ್ತೆರಡು ಪುಟದ ಷರತ್ತುಗಳ ಕೆಳಗೆ ಒಂದು ಗುಂಡಿ ಇಟ್ಟು, ಅದನ್ನು ಒತ್ತಿದ ಕೂಡಲೇ ಮನುಷ್ಯನನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದವರಿಗೆ ಇದು ನುಂಗಲಾರದ ತುತ್ತಾಯಿತು. ಅರ್ಥವಾಯಿತೋ ಇಲ್ಲವೋ ಎಂದು ಕೋಟಿಗಟ್ಟಲೆ ಜನರನ್ನು ಒಬ್ಬೊಬ್ಬರನ್ನಾಗಿ ಕೇಳುವುದು ಯಾರಿಗೆ ಸಾಧ್ಯ? ಹಾಗೆ ಕೇಳುವ ಮನಸ್ಸಾದರೂ ಯಾರಿಗಿತ್ತು?

ಆಗ ಹುಟ್ಟಿದ್ದು ಅರಿವುಪಟ್ಟಿ. ಹಣೆಗೆ ಕಟ್ಟಿಕೊಳ್ಳುವ ಬಟ್ಟೆಯ ಪಟ್ಟಿ, ಎರಡೂ ಕಣತಲೆಯ ಬಳಿ ಎರಡು ಲೋಹದ ಬಿಲ್ಲೆ, ನಡುವೆ ಕಡಲೆಕಾಳಿನಷ್ಟು ದೀಪ. ಏನನ್ನಾದರೂ ಕೇಳುತ್ತ ‘ಓ, ಹೀಗೋ’ ಎಂದು ಮನಸ್ಸಿಗೆ ಹೊಳೆದ ಗಳಿಗೆಯಲ್ಲಿ ಮಿದುಳಿನಲ್ಲಿ ಒಂದು ಸಣ್ಣ ಅಲೆ ಏಳುತ್ತದೆ. ಬಿಲ್ಲೆಗಳು ಆ ಅಲೆಯನ್ನು ಹಿಡಿದರೆ ದೀಪ ಹಸಿರಾಗುತ್ತದೆ. ಹಸಿರಾಯಿತೆಂದರೆ ತಿಳಿಯಿತು, ತಿಳಿಯಿತೆಂದರೆ ಒಪ್ಪಿದಂತೆ. ಸರ್ಕಾರ ಇದಕ್ಕೆ ಮುದ್ರೆ ಒತ್ತಿತು.

ಮನೆಮನೆಗೆ ಸಿನಿಮಾ, ಧಾರಾವಾಹಿ, ಕ್ರಿಕೆಟ್ಟು ಹರಿಸುತ್ತಿದ್ದ ನೋಟವಾಹಿನಿ ಕಂಪನಿ ಹೊಸ ಚಂದಾದಾರರಿಗೆಲ್ಲ ಪಟ್ಟಿಯನ್ನು ಪುಕ್ಕಟೆ ಹಂಚಿತು. ಆದರೆ ದೀಪ ಮಾತ್ರ ಹತ್ತಲಿಲ್ಲ. ಅರವತ್ತೆರಡು ಪುಟ ಕೇಳಿಸಿದರೂ ಜನರ ತಲೆಯಲ್ಲಿ ಅಲೆ ಏಳುತ್ತಿದ್ದುದು ಎರಡೋ ಮೂರೋ ಸಲ, ಅದೂ ಪುಟದ ಸಂಖ್ಯೆ ಹೇಳುವಾಗ. ಚಂದಾ ನಿಂತುಹೋಯಿತು. ಷರತ್ತುಗಳನ್ನು ಸರಳ ಮಾಡಿ ಎಂದು ಯಾರೂ ಹೇಳಲಿಲ್ಲ. ದೀಪ ಹತ್ತಿಸುವ ಧ್ವನಿ ಹುಡುಕಿ ಎಂದು ಅಪ್ಪಣೆಯಾಯಿತು.

ಹಾಗೆ ಹುಡುಕಿಕೊಂಡು ಅವರು ಬಂದಿದ್ದು ಹಾಸನದ ಚೆಲುವಾಂಬಳ ಮನೆಗೆ. ಚೆಲುವಾಂಬ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಆದರೆ ಊರು ಅವಳನ್ನು ಬಲ್ಲದ್ದು ಗಮಕದ ವ್ಯಾಖ್ಯಾನಕಾರ್ತಿಯೆಂದು. ವೇದಿಕೆಯ ಮೇಲೆ ವನಮಾಲ ಹಳೆಯ ಕಾವ್ಯದ ಪದ್ಯವನ್ನು ರಾಗವಾಗಿ ಓದುವಳು, ನಿಲ್ಲಿಸುವಳು. ಚೆಲುವಾಂಬ ಅದರ ಅರ್ಥವನ್ನು ಬಿಡಿಸಿ ಹೇಳುವಳು. ಆಮೇಲೆ ಮತ್ತೆ ವನಮಾಲ. ಇಪ್ಪತ್ತೆಂಟು ವರ್ಷ ಹೀಗೆಯೇ ನಡೆದಿತ್ತು. ಕೇಳಲು ಬಂದವರಲ್ಲಿ ಹಳಗನ್ನಡದ ಗಂಧ ಇಲ್ಲದವರೂ ತಲೆದೂಗುತ್ತ ಎದ್ದುಹೋಗುತ್ತಿದ್ದರು. ಇಂಥ ಒಂದು ಸಭೆಯಲ್ಲಿ ಕಂಪನಿಯವರು ಹತ್ತು ಜನರ ಹಣೆಗೆ ಪಟ್ಟಿ ಕಟ್ಟಿ ನೋಡಿದ್ದರಂತೆ. ಹತ್ತೂ ದೀಪ ಎರಡು ಗಂಟೆ ಹೊತ್ತು ಹಸಿರು ಹಸಿರಾಗಿ ಮಿನುಗಿದವಂತೆ.

ಕಾನೂನಿನ ಕಗ್ಗವನ್ನು ಜನರ ಮಾತಿಗೆ ತರುವ ಪುಣ್ಯದ ಕೆಲಸ ಎಂದರು. ಚೆಲುವಾಂಬ ನಂಬಿದಳು. ನಂಬಿದ್ದಕ್ಕೆ ಅರ್ಧ ಕಾರಣ ಒಳ್ಳೆಯತನ, ಇನ್ನರ್ಧ ಜಂಬ. ಇದನ್ನು ಅವಳೇ ಆಮೇಲೆ ಬಾಯಿಬಿಟ್ಟು ಹೇಳಿದ್ದುಂಟು. ಮೈಸೂರಿನ ಹೊರವಲಯದ ಪ್ರಯೋಗಾಲಯದಲ್ಲಿ, ಹತ್ತಿ ತುಂಬಿದ ಗೋಡೆಗಳ ನಡುವೆ ಕೂತು, ಪುಟಕ್ಕೊಂದು ಕರಾರಿನಂತೆ ಅರವತ್ತೆರಡು ಪುಟಕ್ಕೂ ಅವಳು ವ್ಯಾಖ್ಯಾನ ಹೇಳಿದಳು. ನಲವತ್ತೊಂದನೆಯ ಕರಾರು ಬಂದಾಗ ಅವಳಿಗೆ ಬಹಳ ಹುರುಪು. ಚಂದಾದಾರನಿಗೆ ನೋಟವಾಹಿನಿಯ ಮೇಲಾಗಲಿ ಅದರ ಸೋದರ ಸಂಸ್ಥೆಗಳ ಮೇಲಾಗಲಿ ಯಾವುದೇ ದೂರು ಇದ್ದರೆ ಅದನ್ನು ನ್ಯಾಯಾಲಯಕ್ಕೆ ಒಯ್ಯತಕ್ಕದ್ದಲ್ಲ, ಕಂಪನಿ ನೇಮಿಸಿದ ತೀರ್ಪುಯಂತ್ರದ ಮುಂದೆ ಮಾತ್ರ ಇಡತಕ್ಕದ್ದು ಎಂಬುದು ಅದರ ತಿರುಳು. ಅವಳು ಅದನ್ನು ಹೇಳಿದ ಬಗೆ ಹೀಗೆ: ಮನೆಯ ಜಗಳವನ್ನು ಬೀದಿಗೆ ತರುವುದೇಕೆ, ಪಡಸಾಲೆಯಲ್ಲಿ ಹಿರಿಯರೆದುರು ಕೂತು ಬಗೆಹರಿಸಿಕೊಳ್ಳೋಣ ಅನ್ನುವ ಹಾಗೆ ಇದು. ಸೋದರ ಸಂಸ್ಥೆಗಳು ಎಷ್ಟು, ಯಾವುವು ಎಂದು ಅವಳು ಕೇಳಲೇ ಇಲ್ಲ. ಧ್ವನಿ ಸೊಗಸಾಗಿ ಬಂತು. ದೀಪಗಳು ಹತ್ತಿದವು. ಆರು ತಿಂಗಳಲ್ಲಿ ಮೂರು ಕೋಟಿ ಮನೆಗಳು ಒಪ್ಪಿದವು. ಅವುಗಳಲ್ಲಿ ವನಮಾಲಳ ಮನೆಯೂ ಒಂದು.

ಸೋದರ ಸಂಸ್ಥೆಗಳಲ್ಲೊಂದು ಹಾಸನದಲ್ಲಿ ನಾದಗುಹೆ ಎಂಬ ಧ್ವನಿಮಂದಿರ ತೆರೆದಿತ್ತು. ಮುನ್ನೂರು ಸಣ್ಣ ಸ್ಪೀಕರುಗಳು ಸೇರಿ ಶಬ್ದವನ್ನು ಗಾಳಿಯಲ್ಲೇ ಕಡೆದು, ಕೇಳುವವನ ಪಕ್ಕದಲ್ಲೇ ವೀಣೆ ಇಟ್ಟಂತೆ ಕೇಳಿಸುವ ಜಾಗ. ಒಂದು ಭಾನುವಾರ ಮಧ್ಯಾಹ್ನ ನಿಯಂತ್ರಣ ಕೊಠಡಿಯಲ್ಲಿ ಲೆಕ್ಕ ತಪ್ಪಿ, ಮುನ್ನೂರು ಸ್ಪೀಕರುಗಳ ಶಬ್ದವೂ ಮೂರನೆಯ ಸಾಲಿನ ಮೇಲೆ ಒಮ್ಮೆಗೇ ಬಿತ್ತು. ಮಿಕ್ಕ ಸಾಲಿನವರಿಗೆ ಏನೂ ಕೇಳಿಸಲಿಲ್ಲ. ಮೂರನೆಯ ಸಾಲಿನ ಹನ್ನೊಂದು ಜನ ಕಿವಿ ಹಿಡಿದುಕೊಂಡು ನೆಲಕ್ಕೆ ಬಿದ್ದರು. ಅವರಲ್ಲಿದ್ದ ವನಮಾಲಳ ಎರಡೂ ಕಿವಿ ಹೋದವು. ಶ್ರುತಿ ಕೇಳಿಸದ ಗಮಕಿ ಹಾಡುವುದೆಲ್ಲಿಂದ ಬಂತು?

ಅವಳು ದೂರು ಕೊಟ್ಟಳು. ತೀರ್ಪುಯಂತ್ರ ನಾಲ್ಕು ಸೆಕೆಂಡಿನಲ್ಲಿ ತೀರ್ಪು ಕೊಟ್ಟಿತು: ಮೂರನೆಯ ಸಾಲು ಪ್ರಾಯೋಗಿಕ ಆಸನಗಳ ಸಾಲೆಂದು, ಅಲ್ಲಿನ ಅಪಾಯ ಕೂತವರದೇ ಎಂದು ಟಿಕೆಟ್ಟಿನ ಬೆನ್ನಲ್ಲಿ ಅಚ್ಚಾಗಿದೆ, ಆದ್ದರಿಂದ ದೂರು ವಜಾ. ಅವಳು ಹಾಸನದ ನ್ಯಾಯಾಲಯಕ್ಕೆ ಹೋದಳು. ಬಾಗಿಲಲ್ಲೇ ಕಂಪನಿಯ ವಕೀಲ ನಲವತ್ತೊಂದನ್ನು ಹಿಡಿದು ನಿಂತಿದ್ದ.

ವನಮಾಲಳ ಕಡೆಯ ವಕೀಲೆ ಒಂದು ಬೆಳಿಗ್ಗೆ ಅವಳ ಮನೆಗೆ ಬಂದು, ಆಕೆ ಒಪ್ಪಿದ ದಿನದ ಧ್ವನಿಮುದ್ರಿಕೆಯನ್ನು ಮೇಜಿನ ಮೇಲಿಟ್ಟು ಹಾಕಿದಳು. ಚೆಲುವಾಂಬಳೂ ಅಲ್ಲಿದ್ದಳು. ಪಡಸಾಲೆ, ಹಿರಿಯರು, ಮನೆಯ ಜಗಳ ಎಂದು ತನ್ನದೇ ಧ್ವನಿ ಜೇನು ಸುರಿಸುತ್ತ ಹೊರಟಿತು. ಚೆಲುವಾಂಬಳಿಗೆ ಕೂತ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಕೇಳಿಸಬೇಕಾದವಳಿಗೆ ಮಾತ್ರ ಏನೂ ಕೇಳಿಸುತ್ತಿರಲಿಲ್ಲ. ವನಮಾಲ ಇವರಿಬ್ಬರ ಮುಖ ನೋಡಿ, ಏನಂತೆ ಎಂದು ಕೈಯಲ್ಲಿ ಕೇಳಿದಳು. ಚೆಲುವಾಂಬ ನೋಟುಬುಕ್ಕು ಎಳೆದುಕೊಂಡು ಬರೆದಳು: ‘ನನ್ನ ಧ್ವನಿ. ನಾನು ಹೇಳಿದ್ದನ್ನು ಕೇಳಿ ನಿನಗೆ ಅರ್ಥವಾಯಿತಂತೆ.’

ವನಮಾಲ ಓದಿದಳು. ಆಮೇಲೆ ನಕ್ಕುಬಿಟ್ಟಳು. ಕಿವಿ ಹೋದಮೇಲೆ ಅವಳ ಮಾತು ಅಳತೆ ತಪ್ಪಿ ಜೋರಾಗಿ ಬರುತ್ತಿತ್ತು, ಬೀದಿಗೂ ಕೇಳುತ್ತಿತ್ತು.

“ನಿನ್ನ ವ್ಯಾಖ್ಯಾನನ ನಾನು ಯಾವತ್ತು ಕೇಳಿದೀನೇ, ಚೆಲುವಿ? ನೀನು ಮಾತಾಡ್ತಿದ್ರೆ ನಾನು ಮುಂದಿನ ಪದ್ಯ ಯಾವ ರಾಗದಲ್ಲಿ ಎತ್ಕೊಳ್ಳೋದು ಅಂತ ಯೋಚಿಸ್ತಿರ್ತೀನಿ. ನೀನು ಮಾತು ಇಳಿಸಿ ನಿಲ್ಸಿದ್ ತಕ್ಷಣ, ಹಾಂ, ನನ್ನ ಸರದಿ ಬಂತು ಅಂತ ಎಚ್ಚರ ಆಗತ್ತೆ. ಅಷ್ಟೇಯ.”

ಇಪ್ಪತ್ತೆಂಟು ವರ್ಷ ತನ್ನ ಪಕ್ಕದಲ್ಲಿ ಕೂತು ಗಂಭೀರವಾಗಿ ತಲೆದೂಗಿದವಳು ಒಂದು ದಿನವೂ ಕೇಳಿರಲಿಲ್ಲ. ಬೇರೆ ಯಾವಾಗಲಾದರೂ ಆಗಿದ್ದರೆ ಚೆಲುವಾಂಬ ಒಂದು ತಿಂಗಳು ಮಾತು ಬಿಡುತ್ತಿದ್ದಳು. ಈಗ ಅವಳ ಮೈ ಉರಿಯಿತು, ಆದರೆ ವನಮಾಲಳ ಮೇಲಲ್ಲ. ಸರದಿ ಬಂದ ಎಚ್ಚರವನ್ನು ತಿಳಿವಳಿಕೆಯೆಂದು ಬರೆದುಕೊಂಡು, ಒಬ್ಬ ಹೆಂಗಸಿನ ನ್ಯಾಯದ ಬಾಗಿಲಿಗೆ ಅಗುಳಿ ಹಾಕಿದವರ ಮೇಲೆ.

ಮಾರನೆಯ ದಿನವೇ ಅವಳು ಮೈಸೂರಿಗೆ ಹೋಗಿ ಪ್ರಯೋಗಾಲಯದ ಡಾಕ್ಟರ್ ಹಲಗಲಿಯ ಮುಂದೆ ಕೂತಳು. ಹಲಗಲಿ ಪಟ್ಟಿಯನ್ನು ಕಂಡುಹಿಡಿದ ತಂಡದವನು, ಬಾಗಲಕೋಟೆ ಕಡೆಯವನು, ಸುಳ್ಳು ಹೇಳಲು ಬಾರದೆ ಸದಾ ಚಡಪಡಿಸುವ ಮನುಷ್ಯ. ವನಮಾಲಳ ಅಲೆಗಳ ನಕ್ಷೆ ತೋರಿಸು ಎಂದಳು. ಅವನು ಹಿಂದೆ ಮುಂದೆ ನೋಡಿದ, ಕೊನೆಗೆ ತೆರೆಯ ಮೇಲೆ ತಂದ. ಅರವತ್ತೆರಡು ಪುಟ, ಅರವತ್ತೆರಡು ಹಸಿರು ಮೊನೆ. ಒಂದೊಂದು ಮೊನೆಯೂ ಚೆಲುವಾಂಬ ಮಾತು ಮುಗಿಸಿ ನಿಲ್ಲಿಸಿದ ಅರೆ ಗಳಿಗೆಗೆ ಸರಿಯಾಗಿ ಎದ್ದಿತ್ತು. ಮಾತು ನಡೆಯುತ್ತಿದ್ದಾಗ ಗೆರೆ ನೆಟ್ಟಗೆ ಮಲಗಿತ್ತು. ಬೇರೆಯವರದ್ದನ್ನೂ ತೋರಿಸು ಎಂದಳು. ಬೇರೆಯವರ ಅಲೆಗಳೂ ಹೆಚ್ಚುಕಡಿಮೆ ಹಾಗೆಯೇ, ಅವಳ ದನಿ ಇಳಿದಲ್ಲೆಲ್ಲ ಎದ್ದಿದ್ದವು.

ಹಲಗಲಿ ಕನ್ನಡಕ ತೆಗೆದು ಒರೆಸಿಕೊಂಡ. “ಮೇಡಂ, ಇದು ತಿಳದದ್ದಲ್ರೀ. ತಿಳದಂಗ ಅನಿಸಿದ್ದು. ಮಿದುಳಿನ್ಯಾಗ ಎರಡಕ್ಕೂ ಅಲೆ ಒಂದ ಥರ ಏಳತದ. ನಾ ಮೊದಲನೇ ವರದಿಯೊಳಗ ಬರದಿದ್ದೆ, ಆ ಪುಟ ತಗದ್ರು.”

ಹಾಗಾದರೆ ನ್ಯಾಯಾಲಯಕ್ಕೆ ಬಂದು ಇದನ್ನೇ ಹೇಳು ಎಂದಳು ಚೆಲುವಾಂಬ. ಅವನು ತಲೆ ತಗ್ಗಿಸಿದ. ಅವನ ಕೆಲಸದ ಕರಾರಿನಲ್ಲೂ ಅಂಥದೇ ಒಂದು ಕಲಮು ಇತ್ತಂತೆ, ಕಂಪನಿಯೊಳಗೆ ತಿಳಿದದ್ದನ್ನು ಹೊರಗೆ ಹೇಳತಕ್ಕದ್ದಲ್ಲ ಎಂದು. ಅದನ್ನು ಕೇಳುವಾಗ ಅವನ ದೀಪವೂ ಹಸಿರಾಗಿತ್ತಂತೆ. ತಾನೇ ಹೆಣೆದ ಬಲೆಗೆ ತಾನೇ ಬಿದ್ದವನನ್ನು ಬೈದು ಪ್ರಯೋಜನವೇನು ಎಂದು ಅವಳು ಎದ್ದುಬಂದಳು.

ಬಸ್ಸಿನಲ್ಲಿ ಹೊಳೆನರಸೀಪುರ ದಾಟುವವರೆಗೂ ಅವಳು ಅದನ್ನೇ ಲೆಕ್ಕ ಹಾಕುತ್ತಿದ್ದಳು. ಪಟ್ಟಿ ಸುಳ್ಳೆಂದು ದೂರು ಕೊಡೋಣವೆಂದರೆ ಆ ದೂರೂ ನಲವತ್ತೊಂದರಂತೆ ತೀರ್ಪುಯಂತ್ರಕ್ಕೇ ಹೋಗಬೇಕು. ಹೀಗೆಂದು ವಕೀಲೆ ಮೊದಲೇ ತಿಳಿಸಿದ್ದಳು. ಎಲ್ಲಿಂದ ಹೊರಟರೂ ಬಂದು ನಿಲ್ಲುವುದು ಅದೇ ಬಾಗಿಲಿಗೆ. ಈ ಕರಾರು ಬರೆದವರು ಬುದ್ಧಿವಂತರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಕರಾರಿನಲ್ಲೂ ಒಂದು ಕಲಮು ಇರಲೇಬೇಕೆಂದು ಕಾಯಿದೆ ಕಟ್ಟುಮಾಡಿತ್ತು. ಅರವತ್ತೆರಡನ್ನೂ ಬಾಯಿಪಾಠ ಮಾಡಿದ್ದ ಚೆಲುವಾಂಬಳಿಗೆ ಅದು ನೆನಪಾದದ್ದು ಮನೆ ತಲುಪಿ ಕಾಲು ತೊಳೆಯುವಾಗ.

ಮೊದಲ ಕೇಳುಗನ ಕಲಮು ಅದು. ಯಾವುದೇ ಕರಾರು ಜನರಿಗೆ ಹೋಗುವ ಮುಂಚೆ ಕಂಪನಿಯ ಸಹಿ ಅಧಿಕಾರವುಳ್ಳ ಒಬ್ಬ ಅಧಿಕಾರಿ ಪಟ್ಟಿ ಕಟ್ಟಿಕೊಂಡು ಅದನ್ನು ಮೊದಲಿಂದ ಕೊನೆಯವರೆಗೆ ಕೇಳಬೇಕು. ಅವನ ದೀಪ ಹಸಿರಾದರೆ ಕಂಪನಿಯೂ ಆ ಮಾತಿಗೆ ಕಟ್ಟುಬಿದ್ದಂತೆ. ಕಟ್ಟು ಎರಡೂ ಕಡೆಗೆ ಇರಬೇಕೆಂದು ಯಾರೋ ಪುಣ್ಯಾತ್ಮರು ಕಾಯಿದೆಯಲ್ಲಿ ಬರೆಸಿದ್ದರು. ನೋಟವಾಹಿನಿಯಲ್ಲಿ ಆ ಅಧಿಕಾರಿ ಕಾನೂನು ವಿಭಾಗದ ಮುಖ್ಯಸ್ಥ ಉರಾಳ. ಪ್ರತಿ ಸಲ ಧ್ವನಿಮುದ್ರಣ ನಡೆವಾಗ ಗಾಜಿನ ಆಚೆಯ ನಿಯಂತ್ರಣ ಕೊಠಡಿಯಲ್ಲಿ ಪಟ್ಟಿ ಕಟ್ಟಿಕೊಂಡು, ಕಾಲ ಮೇಲೆ ಕಾಲು ಹಾಕಿ, ಫೋನು ತೀಡುತ್ತ ಕೂತಿರುತ್ತಿದ್ದ.

ವರ್ಷದ ಪರಿಷ್ಕೃತ ಷರತ್ತುಗಳ ಧ್ವನಿಮುದ್ರಣಕ್ಕೆ ಕರೆ ಬಂದಾಗ ಚೆಲುವಾಂಬ ಬರುವುದಿಲ್ಲವೆಂದು ಹೇಳುತ್ತಾಳೆ ಎಂದುಕೊಂಡಿದ್ದರೋ ಏನೋ, ಅವಳು ಹೂಂ ಎಂದಾಗ ಕಾರು ಕಳಿಸಿದರು. ಅಂದು ಅವಳು ಪುಟದಿಂದ ಪುಟಕ್ಕೆ ಎಂದಿನ ಸೊಗಸಿನಲ್ಲೇ ಹೇಳಿಕೊಂಡು ಹೋದಳು. ಗಾಜಿನ ಆಚೆ ಉರಾಳನ ಹಣೆಯ ದೀಪ ಅವಳು ನಿಲ್ಲಿಸಿದಾಗೆಲ್ಲ ಹಸಿರಾಗುತ್ತಿತ್ತು. ಹಲಗಲಿ ಯಂತ್ರದ ಮುಂದೆ ಕೂತಿದ್ದ. ನಲವತ್ತೊಂದು ಮುಗಿಯಿತು. ಅವಳು ಒಂದು ಗುಟುಕು ನೀರು ಕುಡಿದು, ಕಾಗದದಲ್ಲಿ ಇಲ್ಲದ್ದನ್ನು ಶುರುಮಾಡಿದಳು.

ಅದಕ್ಕೆ ಉಪಮೆ ಹಾಕಲಿಲ್ಲ, ಪಡಸಾಲೆ ಕಟ್ಟಲಿಲ್ಲ. ಮೂರನೆಯ ತರಗತಿಯ ಮಗುವಿಗೂ ತಿಳಿಯುವ ಕನ್ನಡದಲ್ಲಿ, ಉರಾಳನ ಮುಖವನ್ನೇ ನೋಡುತ್ತ, ನಿಧಾನವಾಗಿ ಹೇಳಿದಳು.

“ಹಾಸನದ ನಾದಗುಹೆಯಲ್ಲಿ ಕಿವಿ ಕಳೆದುಕೊಂಡ ಹನ್ನೊಂದು ಜನರಿಗೆ ನಲವತ್ತೊಂದನೆಯ ಕರಾರು ಅನ್ವಯಿಸುವುದಿಲ್ಲ. ಅವರು ನಮ್ಮ ಮೇಲೆ ಯಾವ ನ್ಯಾಯಾಲಯಕ್ಕೆ ಬೇಕಾದರೂ ಹೋಗಬಹುದು. ಕಂಪನಿ ಇದನ್ನು ತಿಳಿದೇ ಒಪ್ಪಿದೆ.”

ಆಮೇಲೆ ಹನ್ನೊಂದು ಹೆಸರುಗಳನ್ನೂ, ಅವರವರ ಊರು ಬೀದಿ ಸಹಿತ, ಒಂದೊಂದಾಗಿ ಓದಿದಳು. ಹಲಗಲಿ ಕುರ್ಚಿಯಲ್ಲಿ ನೆಟ್ಟಗಾದ. ಅವನ ಕೈ ಮುದ್ರಣ ನಿಲ್ಲಿಸುವ ಗುಂಡಿಯ ಹತ್ತಿರ ಹೋಗಿ, ಹಾಗೇ ಹಿಂದಕ್ಕೆ ಬಂದು ತೊಡೆಯ ಮೇಲೆ ಕೂತಿತು. ಕಂಪನಿಯೊಳಗಿನದನ್ನು ಹೊರಗೆ ಹೇಳಬಾರದೆಂದು ಅವನ ಕರಾರಿನಲ್ಲಿತ್ತೇ ಹೊರತು, ಒಳಗಿನವರಿಗೆ ಎಚ್ಚರಿಕೆ ಕೊಡಬೇಕೆಂದು ಎಲ್ಲೂ ಇರಲಿಲ್ಲ. ಉರಾಳ ಫೋನಿನಲ್ಲಿ ಏನೋ ನೋಡಿ ಮುಗುಳ್ನಗುತ್ತಿದ್ದ. ಅವಳು ಕೊನೆಯ ಹೆಸರು ಹೇಳಿ, ದನಿ ಇಳಿಸಿ, ನಿಲ್ಲಿಸಿದಳು.

ದೀಪ ಹಸಿರಾಯಿತು.

ಆ ಹಸಿರು ಕಂಡಾಗ ಚೆಲುವಾಂಬಳಿಗೆ ಗೆದ್ದ ಸಂತೋಷ ಆಗಲಿಲ್ಲ. ರೋಷ ಉಕ್ಕಿತು. ಅವನು ತನ್ನನ್ನು ತಡೆಯಬಹುದೆಂಬ ಹೆದರಿಕೆ ಅವಳಿಗಿತ್ತು. ಒಳಗೊಳಗೆ ಅವನು ತಡೆಯಲಿ ಎಂಬ ಆಸೆಯೂ ಇತ್ತೇನೋ. ಒಬ್ಬನಾದರೂ ಕೇಳಿಸಿಕೊಂಡಿದ್ದಾನೆ ಎಂದಾಗುತ್ತಿತ್ತು. ಮೂರು ಕೋಟಿ ಜನರನ್ನು ಕಟ್ಟಿಹಾಕುವ ಮಾತನ್ನು ಕಟ್ಟುವವನೇ ಕೇಳುತ್ತಿರಲಿಲ್ಲ. ಉಳಿದ ಪುಟಗಳನ್ನು ಅವಳು ಹಲ್ಲು ಕಚ್ಚಿಕೊಂಡು ಮುಗಿಸಿದಳು. ಮೊದಲ ಕೇಳುಗನ ಹಸಿರು ಸಿಕ್ಕ ಕರಾರು ಯಂತ್ರದಿಂದ ನೇರವಾಗಿ ಮನೆಮನೆಗೆ ಹೋಗುವ ಏರ್ಪಾಡಿತ್ತು. ಸಂಜೆಯೊಳಗೆ ಹೋಯಿತು.

ಕಂಪನಿಗೆ ಅದು ಗೊತ್ತಾದದ್ದು ಒಂಬತ್ತು ದಿನದ ಮೇಲೆ, ವನಮಾಲಳ ವಕೀಲೆ ಹೊಸ ಅರ್ಜಿ ಹಾಕಿದಾಗ. ಮೂರು ಕೋಟಿ ಮನೆಯಲ್ಲಿ ಒಬ್ಬರಿಗೂ ಆ ಸಾಲು ವಿಚಿತ್ರ ಅನ್ನಿಸಿರಲಿಲ್ಲ. ಎಲ್ಲರ ದೀಪವೂ ಹಸಿರಾಗಿತ್ತು.

ಉರಾಳ ತಾನೇ ಹಾಸನಕ್ಕೆ ಬಂದ. ಚೆಲುವಾಂಬಳ ಮನೆಯ ಹಜಾರದಲ್ಲಿ ಕೂತು, ಕೊಟ್ಟ ಕಾಫಿ ಮುಟ್ಟದೆ, ಇದು ಮೋಸ, ಇದು ವಂಚನೆ, ನಿಮ್ಮನ್ನು ಜೈಲಿಗೆ ಕಳಿಸುತ್ತೇನೆ ಎಂದು ಎಗರಾಡಿದ. ಅವಳು ಅವನ ಮಾತು ಮುಗಿಯುವವರೆಗೂ ಸೆರಗಿನ ಅಂಚು ಸುತ್ತುತ್ತ ಕೂತಿದ್ದಳು.

“ಮೋಸ ಹೆಂಗಾಯ್ತು ಸ್ವಾಮಿ? ನಿಮ್ಮ ಎದುರಿಗೇ ಕೂತು ಹೇಳಿದೀನಿ. ಬಿಡಿಸಿ ಬಿಡಿಸಿ ಹೇಳಿದೀನಿ.”

“ನಾನು ಅದನ್ನು ಕೇಳಿಸಿಕೊಳ್ಳಲೇ ಇಲ್ಲ ಮಾರಾಯ್ರೆ.”

“ದೀಪ ಹಸಿರಾಗಿತ್ತಲ್ಲ.”

“ದೀಪ ಹಸಿರಾದ್ರೆ ಆಯ್ತಾ? ದೀಪಕ್ಕೆ ಎಂತ ಗೊತ್ತುಂಟು?”

ಚೆಲುವಾಂಬ ಎದ್ದುಹೋಗಿ ಒಂದು ಬಿಳಿ ಹಾಳೆ, ಒಂದು ಪೆನ್ನು ತಂದು ಕಾಫಿಯ ಪಕ್ಕದಲ್ಲಿಟ್ಟಳು.

“ಇದನ್ನೇ ಬರೆದು ಸಹಿ ಹಾಕ್ಕೊಡಿ,” ಅಂದಳು.

ಉರಾಳ ಹಾಳೆ ನೋಡಿದ. ಅವನು ದಡ್ಡನಲ್ಲ. ಹಸಿರಾದರೂ ತನಗೆ ತಿಳಿದಿರಲಿಲ್ಲ ಎಂದು ಬರೆದರೆ ಮೂರು ಕೋಟಿ ಕರಾರು ಒಂದೇ ಏಟಿಗೆ ನೆಲಕಚ್ಚುತ್ತವೆ, ಅದರೊಂದಿಗೆ ವನಮಾಲಳ ಹಳೆಯ ಒಪ್ಪಿಗೆಯೂ. ತಿಳಿದೇ ಒಪ್ಪಿದೆ ಎಂದರೆ ಹನ್ನೊಂದು ಜನ ನ್ಯಾಯಾಲಯಕ್ಕೆ ಹೋಗುತ್ತಾರೆ. ಎರಡರಲ್ಲಿ ಯಾವುದನ್ನು ಹಿಡಿದರೂ ವನಮಾಲ ನ್ಯಾಯಾಧೀಶರ ಮುಂದೆ ನಿಲ್ಲುವುದು ತಪ್ಪುವುದಿಲ್ಲ. ಅವನು ಪೆನ್ನು ತೆಗೆದುಕೊಂಡು, ಮತ್ತೆ ಕೆಳಗಿಟ್ಟ. ಆಮೇಲೆ ಹಾಳೆಯನ್ನು ಅಲ್ಲೇ ಬಿಟ್ಟು ಎದ್ದುಹೋದ. ನಾಲ್ಕು ದಿನದ ಮೇಲೆ ಕಂಪನಿಯ ಪತ್ರ ಬಂತು: ಸದರಿ ಹನ್ನೊಂದು ಜನರ ವಿಷಯವನ್ನು ನಮ್ಮ ಅಧಿಕಾರಿ ಪೂರ್ಣವಾಗಿ ತಿಳಿದು, ಸಹಾನುಭೂತಿಯಿಂದ ಒಪ್ಪಿದ್ದಾರೆ.

ಸಹಾನುಭೂತಿ ಎಂಬ ಮಾತನ್ನು ಓದಿ ಚೆಲುವಾಂಬ ಆ ಪತ್ರವನ್ನು ಎರಡು ತುಂಡು ಮಾಡಿದಳು. ಅದು ಸಾಕ್ಷ್ಯ ಎಂದು ವಕೀಲೆ ಗದರಿ ಮತ್ತೆ ಅಂಟಿಸಿದಳು.

ವಿಚಾರಣೆಯ ಮೊದಲ ದಿನ ನ್ಯಾಯಾಲಯ ತುಂಬಿತ್ತು. ಸಾಕ್ಷಿಕಟ್ಟೆಯ ಮೇಲೆ ವನಮಾಲಳ ಮುಂದೆ ಒಂದು ತೆರೆ ಇಟ್ಟಿದ್ದರು. ಆಡಿದ ಮಾತೆಲ್ಲ ಅದರ ಮೇಲೆ ಅಕ್ಷರವಾಗಿ ಬರುತ್ತಿತ್ತು. ಕಂಪನಿಯ ವಕೀಲ ಸುಮ್ಮನಿರಲಿಲ್ಲ. ಪ್ರಾಯೋಗಿಕ ಆಸನದ ಷರತ್ತು ಚಂದಾದ ಕರಾರಿನಲ್ಲೂ ಇದೆ, ಅದು ಇಪ್ಪತ್ತನೆಯದು, ಅದನ್ನು ಕೇಳುವಾಗಲೂ ಈಕೆಯ ದೀಪ ಹಸಿರಾಗಿದೆ, ಆದ್ದರಿಂದ ಅಪಾಯವನ್ನು ತಿಳಿದೇ ಮೂರನೆಯ ಸಾಲಿನಲ್ಲಿ ಕೂತಿದ್ದಾರೆ ಎಂದು ವಾದಿಸಿದ. ದೀಪದ ನಕ್ಷೆಯನ್ನು ಎತ್ತಿ ಹಿಡಿದ. ಚೆಲುವಾಂಬ ಹಿಂದಿನ ಬೆಂಚಿನಲ್ಲಿ ಮುಷ್ಟಿ ಬಿಗಿದು ಕೂತಿದ್ದಳು. ಎದ್ದು ನಿಂತು ಕೂಗಬೇಕೆನ್ನಿಸುತ್ತಿತ್ತು. ಈ ಸಲ ಅವಳ ಧ್ವನಿ ಯಾರಿಗೂ ಬೇಕಿರಲಿಲ್ಲ, ಬೇಕಾಗಲೂ ಕೂಡದು ಎಂದು ತನ್ನನ್ನು ತಾನೇ ಹಿಡಿದುಕೊಂಡಳು.

ನ್ಯಾಯಾಧೀಶರು ವಯಸ್ಸಾದ ಹೆಂಗಸು. ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿ ಕೆಳಗಿಟ್ಟರು. ಆಮೇಲೆ ವನಮಾಲಳ ಕಡೆಗೆ ತಿರುಗಿ, ಆ ಷರತ್ತು ನಿಮಗೆ ಅರ್ಥವಾಗಿತ್ತೇ ಎಂದು ಕೇಳಿದರು. ಪ್ರಶ್ನೆ ತೆರೆಯ ಮೇಲೆ ಮೂಡಿತು. ವನಮಾಲ ಅದನ್ನು ಒಂದು ಸಲ ಓದಿದಳು, ಇನ್ನೊಂದು ಸಲ ಓದಿದಳು. ಅವಳ ಕಣ್ಣು ಕೆಂಪಾಯಿತು.

“ಇಲ್ಲ ತಾಯಿ, ಅರ್ಥ ಆಗಿರ್ಲಿಲ್ಲ.” ಆ ಅಳತೆ ತಪ್ಪಿದ ದನಿ ಹೊರಗಿನ ಜಗಲಿಯವರೆಗೂ ಹೋಯಿತು. “ಅರ್ಥ ಆಯ್ತಾ ಅಂತ ನನ್ನನ್ನ ಒಬ್ಬರು ಬಾಯಿಬಿಟ್ಟು ಕೇಳ್ತಿರೋದು ಇವತ್ತೇ ಮೊದಲು. ಅದೂ ನನಗೆ ಕೇಳಿಸದ ಹಾಗೆ ಆದಮೇಲೆ.”

ನ್ಯಾಯಾಧೀಶರು ಬೆರಳಚ್ಚುಗಾರನ ಕಡೆ ನೋಡಿ, ಆಕೆ ಹೇಳಿದ್ದನ್ನು ಒಂದಕ್ಷರ ಬಿಡದೆ ಹಾಗೇ ಬರೆದುಕೊಳ್ಳಿ ಎಂದರು.